ತಪ್ಪಿದ್ದರೆ ತಿದ್ದತಕ್ಕದ್ದು

ಮಿಸ್ ಲುಂಡ್ ಕುಳಿತಲ್ಲಿಂದ ಎದ್ದರೆಂದರೆ ಮೊದಲು ಮಾಡುತ್ತಿದ್ದ ಕೆಲಸ, ಬಲಗೈಯಿಂದ ಎಡ ಎದೆಯನ್ನು ಎರಡು ಸಲ ತಟ್ಟಿಕೊಳ್ಳುವುದು. ಶಾಲೆಯ ಜಗಲಿಯಿಂದ ಎದ್ದರೂ ಸರಿ, ಊಟದ ಮಣೆಯಿಂದ ಎದ್ದರೂ ಸರಿ, ಗಾಡಿಯಿಂದ ಇಳಿದು ನೆಲಕ್ಕೆ ಕಾಲೂರಿದರೂ ಸರಿ, ಆ ಎರಡು ತಟ್ಟು ತಪ್ಪಿದ್ದನ್ನು ನಾನು ಕಾಣೆ. ಅವರ ಬೂದು ಬಣ್ಣದ ಉಣ್ಣೆಯ ಕೋಟಿಗೆ ಅಲ್ಲೊಂದು ಒಳಜೇಬಿತ್ತು, ಜೇಬಿನಲ್ಲಿ ಓದುವ ಕನ್ನಡಕವಿತ್ತು. ಹಡಗಿನಲ್ಲಿ ಬರುವಾಗ ಒಂದು ಕನ್ನಡಕವನ್ನು ಸಮುದ್ರರಾಜನಿಗೆ ಸಮರ್ಪಿಸಿದ್ದವರಿಗೆ, ಉಳಿದ ಇನ್ನೊಂದು ಇದೆಯೋ ಇಲ್ಲವೋ ಎಂಬ ಆತಂಕ ಕೈಗೆ ಅಂಟಿಬಿಟ್ಟಿತ್ತು. ಕೈ ಏನು ಮಾಡುತ್ತಿದೆಯೆಂಬುದು ಮಾತ್ರ ತಲೆಗೆ ತಿಳಿದಿರಲಿಲ್ಲ. ಚೈತ್ರದ ಬಿಸಿಲಿಗೆ ನಾವೆಲ್ಲ ಅಂಗಿ ಕಳಚಿ ಬೀಸಣಿಗೆ ಹಿಡಿದು ಕುಳಿತಿರುವಾಗಲೂ ಅವರು ಮೊಣಕಾಲಿನ ಕೆಳಗೆ ಇಳಿಯುವ ಆ ಕೋಟನ್ನು ಬಿಡುತ್ತಿರಲಿಲ್ಲ. ಹಾಗಾಗಿ ಊರವರ ಬಾಯಲ್ಲಿ ಆ ಹೆಂಗಸು ‘ಕೋಟಿನ ಬಾಯಾರು’ ಆದರು.

ಅವರು ಡೆನ್ಮಾರ್ಕ್ ದೇಶದವರು. ೧೯೩೪ರ ದೀಪಾವಳಿ ಕಳೆದ ವಾರ ಮುಂಬಯಿಯಿಂದ ರೈಲಿನಲ್ಲಿ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಮೋಟಾರಿನಲ್ಲಿ ಯಲ್ಲಾಪುರಕ್ಕೆ, ಅಲ್ಲಿಂದ ಗನಿ ಸಾಹೇಬರ ಎತ್ತಿನ ಗಾಡಿಯಲ್ಲಿ ಗಾಡಿಹಕ್ಕಲಿಗೆ ಒಬ್ಬರೇ ಬಂದಿಳಿದರು. ಗಾಡಿಹಕ್ಕಲು ಎಂಬುದು ನಾನು ಮಾಸ್ತರಿಕೆ ಮಾಡುತ್ತಿದ್ದ ಉಮ್ಮಚಗಿಯಿಂದ ಮೂರು ಮೈಲಿ ಒಳಗೆ, ಕಾಡು ಕಡಿದು ಮಾಡಿದ ಬಯಲಲ್ಲಿ ಹದಿನೇಳು ಮನೆಗಳ ಊರು. ಹದಿನೇಳೂ ಮುಸಲ್ಮಾನ ಗಾಡಿಕಾರರವು; ಶಿರಸಿ ಯಲ್ಲಾಪುರಗಳ ಸರಕನ್ನು ಘಟ್ಟ ಇಳಿಸಿ ಬಂದರಿಗೆ ಮುಟ್ಟಿಸುವುದು ಅವರ ಕಸುಬು. ಅಲ್ಲಿಗೆ ಈ ಹೆಂಗಸು ಬಂದದ್ದು ಇಸ್ಲಾಂ ಧರ್ಮವನ್ನು ಅಭ್ಯಾಸ ಮಾಡುವುದಕ್ಕೆ! ಮಹಾ ಮಹಾ ಪಂಡಿತರಿರುವ ಅರಬ್ಬರ ಪಟ್ಟಣಗಳನ್ನೆಲ್ಲ ಬಿಟ್ಟು, ಎತ್ತಿನ ಲಾಳದ ಸದ್ದಲ್ಲದೆ ಬೇರೆ ಸದ್ದಿಲ್ಲದ ಈ ಹಕ್ಕಲಿಗೆ ಯಾಕೆ ಬಂದರೆಂದು ನಾನು ತಲೆ ಕೆರೆದುಕೊಂಡೆ. ಕೇಳಿದಾಗ ತಿಳಿಯಿತು: ಶಿರಸಿಯ ಮೆಣಸಿನ ವ್ಯಾಪಾರಿ ಅಲ್ಲಾವುದ್ದೀನ್ ಸಾಹೇಬರು ಮುಂಬಯಿಯಲ್ಲಿ ಅವರಿಗೆ ಸಿಕ್ಕು, ನಮ್ಮ ಕಡೆ ಕಾಡಿನಲ್ಲಿ ಒಬ್ಬ ಮುದುಕಿ ಇದ್ದಾಳೆ, ಕುರಾನ್ ಪೂರ್ತಿ ಅವಳ ನಾಲಿಗೆಯ ಮೇಲಿದೆ ಎಂದಿದ್ದರಂತೆ. ಆ ಒಂದು ಮಾತಿನ ಬೆನ್ನು ಹತ್ತಿ ಬಂದವರು ಇವರು.

ಆ ಮುದುಕಿ ಗನಿ ಸಾಹೇಬರ ತಾಯಿ ಮೈಮೂನಾ ಬೀ. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಧ್ವನಿಯಂತೂ ಗಾಡಿಯ ಸಾಲಿನ ಈ ತುದಿಯಿಂದ ಆ ತುದಿಗೆ ಮುಟ್ಟುವಂಥದು. ಸಾಹಿತ್ಯದ ಅರ್ಥ ಗೊತ್ತಿಲ್ಲ, ಸ್ವರವೊಂದೂ ತಪ್ಪಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ಆಕೆಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಮಿಸ್ ಲುಂಡರಿಗಾದರೋ ಅರಬ್ಬೀ ಭಾಷೆಯ ಅರ್ಥವೆಲ್ಲ ಪುಸ್ತಕದಿಂದ ಗೊತ್ತು, ಬಾಯಿಗೆ ಮಾತ್ರ ಬಾರದು. ಗಂಟಲಿನ ಆಳದಿಂದ ಬರಬೇಕಾದ ಒಂದಕ್ಷರವನ್ನು ಮುದುಕಿ ಈ ವಿದುಷಿಯಿಂದ ಒಂದೇ ಮಧ್ಯಾಹ್ನ ನಲವತ್ತು ಸಲ ಹೇಳಿಸಿದ್ದನ್ನು ನಾನು ಹೊರಜಗಲಿಯಲ್ಲಿ ಕುಳಿತು ಕೇಳಿದ್ದೇನೆ. ಇವರಿಬ್ಬರಲ್ಲಿ ಗುರು ಯಾರು ಶಿಷ್ಯೆ ಯಾರು ಎಂಬ ಗೊಂದಲ ನನಗೆ ಅಂದೇ ಶುರುವಾಯಿತು.

ನನ್ನ ಪಾತ್ರ ದುಭಾಷಿಯದು. ಸುತ್ತಮುತ್ತ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಆದ್ದರಿಂದ ರವಿವಾರ ರವಿವಾರ ಗಾಡಿಹಕ್ಕಲಿಗೆ ಹೋಗುವುದು ನನ್ನ ತಲೆಗೆ ಬಂತು. ಅವರು ಯಾವುದೋ ಹಳೆಯ ಪಾದ್ರಿಗಳ ವ್ಯಾಕರಣ ಓದಿ ಕನ್ನಡ ಕಲಿತು ಬಂದಿದ್ದರು; ಆ ಕನ್ನಡವೋ ಕಚೇರಿಯ ನೋಟೀಸಿನಂತಿತ್ತು. ಬಂದ ದಿನ ಬಾಯಾರಿ, ಗನಿಯವರ ಹೆಂಡತಿ ಸುಗ್ರಾಳಿಗೆ, “ದಯಮಾಡಿ ನೀರನ್ನು ಕೊಡತಕ್ಕದ್ದು” ಎಂದರಂತೆ. ಸರ್ಕಾರದ ಜಪ್ತಿಯೇ ಬಂತೆಂದು ಸುಗ್ರಾ ಕೊಡಪಾನವನ್ನೇ ತಂದು ಮುಂದಿಟ್ಟಳು. ಅದೇ ಸಂಜೆ ಹೆಂಗಸರನ್ನೆಲ್ಲ ಸೇರಿಸಿ, ಕೈಮುಗಿದು, “ನಾನು ವಿದ್ಯಾರ್ಥಿನಿ. ನನ್ನಲ್ಲಿ ತಪ್ಪಿದ್ದರೆ ತಿದ್ದತಕ್ಕದ್ದು” ಎಂದು ಘೋಷಿಸಿದರು. ಎಲ್ಲರೂ ತಲೆಯಾಡಿಸಿದರು.

ಪೊಲೀಸ ಪಾಟೀಲ ಚನ್ನಯ್ಯ ನನ್ನ ಶಾಲೆಗೆ ಬಂದು ಗುಟ್ಟಾಗಿ, “ಮಾಸ್ತರ, ಈಕಿ ಯಾರ ಕಡ್ಯಾಕಿರಿ? ಸರ್ಕಾರದ ಕಡ್ಯಾಕ್ಯೋ, ಕಾಂಗ್ರೆಸ್ ಕಡ್ಯಾಕ್ಯೋ?” ಎಂದು ಕೇಳಿದ. ಸಿದ್ದಾಪುರದ ಕಡೆ ಕರನಿರಾಕರಣೆಯ ಕಾವು ಇನ್ನೂ ಆರದ ಕಾಲ. ಅವನ ಹೆದರಿಕೆ ಅವನಿಗೆ. ಯಾರ ಕಡೆಯವರೂ ಅಲ್ಲವೆಂದೆ. ಅಂಥವರನ್ನು ಯಾವ ಕಾಗದದಲ್ಲಿ ಬರೆಯಬೇಕೆಂದು ತಿಳಿಯದೆ ಚನ್ನಯ್ಯ ನಿಟ್ಟುಸಿರು ಬಿಟ್ಟು ಹೋದ.

ಬಾಯಾರ ನಡಿಗೆ ಹೇಗೆಂದಿರೋ, ಜಮೀನು ಅಳೆಯಲು ಬಂದ ಮೋಜಣಿದಾರನ ನಡಿಗೆ: ಉದ್ದುದ್ದ ಹೆಜ್ಜೆ, ನೋಟ ನೇರ, ದಾರಿಯಲ್ಲಿ ಸಗಣಿ ಸಿಕ್ಕರೂ ತಪ್ಪಿಸುವುದಿಲ್ಲ. ಮಾತಿನಲ್ಲಿ ಎರಡು ಶಬ್ದಕ್ಕೊಮ್ಮೆ “ಅಂದರೆ” ಬರಬೇಕು, ಅದರ ಮುಂದೆ ಅರ್ಥವಿವರಣೆ ಬರುತ್ತದೆಂದು ಕಾದವನು ಕೆಟ್ಟ. ತಮ್ಮ ನೀರನ್ನು ತಾವೇ ಹೊರಬೇಕು, ಯಾರೂ ಕೈ ಹಚ್ಚಕೂಡದು. ನಿಂತು ನೋಡಿ ಕಲಿಯಲಾಗದು, ನಿಮ್ಮೊಡನೆ ನಿಂತೇ ಕಲಿಯಬೇಕು ಎಂದು ಹಟ ಹಿಡಿದು ಹೆಂಗಸರ ನಮಾಜಿನ ಸಾಲಿನಲ್ಲಿ ನಿಲ್ಲತೊಡಗಿದರು. “ಅಲ್ಲಾನ ಮುಂದ ನಿಲ್ತೀನಿ ಅಂದಾಕೀಗೆ ಬ್ಯಾಡ ಅನ್ನಾಕ ನಾ ಯಾರು?” ಎಂದಳು ಮೈಮೂನಾ ಬೀ. ನಾನು ತಡೆಯಲಾರದೆ ಒಮ್ಮೆ, “ಹಾಗಾದರೆ ತಾವು ಆ ಮತಕ್ಕೆ ಸೇರಿದಿರೋ?” ಎಂದು ಕೇಳಿಯೇಬಿಟ್ಟೆ. ಅವರು “ಗೊತ್ತಿಲ್ಲ” ಎಂದರು. ಸ್ವಲ್ಪ ತಡೆದು, “ಅಂದರೆ, ಗೊತ್ತಿಲ್ಲ” ಎಂದರು.

ಹೀಗೆ ಎರಡು ವರ್ಷ ಕಳೆಯಿತು. ೧೯೩೬ರ ಮಳೆಗಾಲ ಮುಗಿಯುತ್ತಿದ್ದಾಗ ಅವರು ನಾಲ್ಕು ದಪ್ಪ ನೋಟುಬುಕ್ಕುಗಳನ್ನು ಹೊತ್ತು ನನ್ನ ಮನೆಗೆ ಬಂದರು. ಅವರ ದೇಶದ ಪ್ರೊಫೆಸರರಿಂದ ಪತ್ರ ಬಂದಿತ್ತು. ನೀನು ಬರೆದು ಕಳಿಸಿದ್ದರಲ್ಲಿ ಮಿಕ್ಕದ್ದೆಲ್ಲ ಹಳೆಯ ಪುಸ್ತಕಗಳಲ್ಲಿ ಆಗಲೇ ಇದೆ, ಒಂದು ಅಧ್ಯಾಯ ಮಾತ್ರ ಅಪೂರ್ವ. ಅದೊಂದರ ಬಲದ ಮೇಲೆ ನಿನ್ನ ಗ್ರಂಥ ಅಚ್ಚಾಗುತ್ತದೆ, ವಿಶ್ವವಿದ್ಯಾಲಯದಲ್ಲಿ ನಿನಗೊಂದು ಪೀಠವೂ ಸಿಗುತ್ತದೆ ಎಂದು ಅದರ ಸಾರಾಂಶ. ಅಲ್ಲಿ ಅದುವರೆಗೆ ಆ ಸ್ಥಾನಕ್ಕೆ ಒಬ್ಬ ಹೆಂಗಸೂ ಏರಿರಲಿಲ್ಲವಂತೆ. ಸದಾ ಬಿಗಿದ ಆ ಮುಖ ಅಂದು ಹಬ್ಬದ ಮನೆಯಾಗಿತ್ತು. ಅಪೂರ್ವವಾದ ಅಧ್ಯಾಯವನ್ನು ಅವರೇ ಕನ್ನಡಕ್ಕೆ ತಿರುಗಿಸಿ ಓದಿದರು: “ಈ ಗ್ರಾಮದ ಸ್ತ್ರೀಯರು ಪ್ರಾರ್ಥನೆ ಮುಗಿಸಿ ಎದ್ದ ಕೂಡಲೇ ಎಡ ಎದೆಯನ್ನು ಎರಡು ಸಲ ಮುಟ್ಟುತ್ತಾರೆ. ಈ ಹೃದಯಸ್ಪರ್ಶದ ಆಚಾರವು ಯಾವ ಗ್ರಂಥದಲ್ಲಿಯೂ ಕಾಣುವುದಿಲ್ಲ. ಪ್ರಾಯಶಃ ಇದು ಪುರಾತನ ಅರೇಬಿಯಾದಿಂದ ನಾವಿಕರ ಸಂಗಡ ಬಂದಿರಬೇಕು.” ಓದಿ ಮುಗಿಸಿದರು, ಎದ್ದರು, ಎದೆಯನ್ನು ಎರಡು ಸಲ ತಟ್ಟಿಕೊಂಡರು, ಮೋಜಣಿದಾರನ ಹೆಜ್ಜೆ ಹಾಕುತ್ತ ಹೊರಟುಹೋದರು.

ನಾನು ಕುಳಿತಲ್ಲೇ ಕಲ್ಲಾದೆ. ಹೆಂಡತಿ ಗಂಗಾ ಬಂದು, “ಎಂತ ಆಜು ನಿಂಗಕ್ಕೆ?” ಎಂದು ಕೇಳಿದಳು. ಹೇಳಿದೆ. ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಕ್ಕು ಮುಗಿಸಿ ನನಗಿಂತ ಗಂಭೀರಳಾದಳು. “ಹೇಳಿದ್ರೆ ಪಾಪ ಆ ಬಾಯಿ ಎರಡು ವರ್ಷದ್ದು ಹೊಳೆಗೆ ಹೋತು. ಹೇಳದ್ದೆ ಇದ್ರೆ ಸುಳ್ಳು ಅಚ್ಚಾಗ್ತು. ಆನಂತೂ ನಿಂಗಳ ಜಾಗದಲ್ಲಿ ಇಲ್ಲೆ, ಪುಣ್ಯ” ಎಂದು ಒಳಗೆ ಹೋದಳು. ಒಂದು ವಾರ ನನಗೆ ಅನ್ನ ರುಚಿಸಲಿಲ್ಲ. ಒಂದು ಗಳಿಗೆ, ಎಲ್ಲೋ ಡೆನ್ಮಾರ್ಕಿನಲ್ಲಿ ನಾಲ್ಕು ಜನ ಓದುವ ಪುಸ್ತಕ, ಯಾರಿಗೇನು ನಷ್ಟ ಎನಿಸುತ್ತಿತ್ತು. ಇನ್ನೊಂದು ಗಳಿಗೆ, ತಿದ್ದತಕ್ಕದ್ದು ಎಂದ ವಿದ್ಯಾರ್ಥಿನಿಯನ್ನು ತಿದ್ದದ ನಾನೆಂಥ ಮಾಸ್ತರ ಎನಿಸುತ್ತಿತ್ತು. ಇದಕ್ಕಿಂತ ಹೆಚ್ಚು ಕೊರೆದದ್ದು ಆ ಹೆಂಗಸರ ವಿಚಾರ. ಕಡಲಾಚೆಯಿಂದ ಬಂದವಳು ಮಾಡಿದ್ದೆಲ್ಲ ಶಾಸ್ತ್ರವೆಂದು ಕುರಿಗಳ ಹಾಗೆ ಹಿಂಬಾಲಿಸಿದ್ದಾರಲ್ಲ, ವಿಷಯ ತಿಳಿದರೆ ಎಷ್ಟು ನಾಚಿಕೊಂಡಾರು ಎಂದು ನಾನು ಅವರ ಪರವಾಗಿ ನಾಚಿಕೊಳ್ಳುತ್ತಿದ್ದೆ.

ಕೊನೆಗೆ ಮೊದಲು ಮುದುಕಿಗೆ ಹೇಳುವುದೆಂದು ನಿಶ್ಚಯಿಸಿ, ಮಿಸ್ ಲುಂಡ್ ಯಲ್ಲಾಪುರದ ಟಪಾಲು ಕಚೇರಿಗೆ ಹೋದ ದಿನ ನೋಡಿ ಗಾಡಿಹಕ್ಕಲಿಗೆ ಹೋದೆ. “ಬರ್ರಿ ಮಾಸ್ತರ, ಕೂಡ್ರಿ” ಎಂದು ಮೈಮೂನಾ ಬೀ ಚಾಪೆ ಹಾಕಿಸಿದಳು. ನಾನು ತಡವರಿಸುತ್ತ, ಆ ತಟ್ಟುವುದು ಆಚಾರವಲ್ಲ, ಕನ್ನಡಕ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದು ಎಂದೆ.

“ಕನ್ನಡಕಾನ?” ಎಂದು ಮುದುಕಿ ನಕ್ಕ ರಭಸಕ್ಕೆ ಕೆಮ್ಮು ಬಂದು, ಸುಗ್ರಾ ಓಡಿಬಂದು ಬೆನ್ನು ನೀವಬೇಕಾಯಿತು. “ನಾ ಅದು ಆಕಿ ಸೀಮಿ ಪದ್ಧತಿ ಅಂತ ತಿಳದಿದ್ದೆ.”

“ಶಾಸ್ತ್ರವೆಂದು ತಿಳಿಯಲಿಲ್ಲವೆ? ಮತ್ತೆ ನೀವೆಲ್ಲ ಯಾಕೆ ಮಾಡಿದಿರಿ?”

ಮುದುಕಿಯ ನಗು ನಿಂತಿತು. “ನನಗ ಶಾಸ್ತ್ರ ಗೊತ್ತಿಲ್ಲೇನು ಮಾಸ್ತರ? ಸಾಲಿನೊಳಗ ಆಕಿ ಒಬ್ಬಾಕೀನ ತಟ್ಟಿಕೋತಿದ್ಲು. ಏಳು ಸಮುದ್ರ ದಾಟಿ ಒಂಟಿ ಬಂದಾಕಿ. ನಮ್ಮ ನಡಕ ನಿಂತಾಗರ ಒಂಟಿ ಆಗಬಾರದು ಅಂತ ಸುಗ್ರಾಗ ಹೇಳಿದೆ, ನೀನೂ ತಟ್ಟಿಕೋ ಅಂದೆ. ಆಮ್ಯಾಲೆ ಎಲ್ಲಾರೂ ತಟ್ಟಿದ್ರು. ನಮಾಜ್ ಮುಗದ ಮ್ಯಾಲೆ ಎದಿ ಮ್ಯಾಲೆ ಕೈ ಇಟ್ಟರ ಅಲ್ಲಾ ಏನ ಸಿಟ್ಟಾಗ್ತಾನ? ಘಟ್ಟದಾಗ ಒಂದು ಗಾಡಿ ನಿಂತರ ನಮ್ಮವು ಎಲ್ಲಾ ಗಾಡಿ ನಿಲ್ತಾವು. ಯಾಕ ನಿಂತಿ ಅಂತ ಕೇಳೂದಿಲ್ಲ.”

ಕುರಿಗಳೆಂದುಕೊಂಡಿದ್ದೆನಲ್ಲ, ತಲೆ ತಗ್ಗಿಸಿದೆ. ಗಾಡಿಗಳ ಆ ಪದ್ಧತಿಯನ್ನು ನಾನು ಕಣ್ಣಾರೆ ಕಂಡವನು. ಒಮ್ಮೆ ಘಟ್ಟ ಇಳಿಯುವಾಗ ಒಬ್ಬ ಗಾಡಿಕಾರ ನಿಂತನೆಂದು ಹನ್ನೊಂದು ಗಾಡಿ ಉರಿಬಿಸಿಲಲ್ಲಿ ಸುಮ್ಮನೆ ನಿಂತಿದ್ದವು, ನಾನು ಗೊಣಗಿದ್ದೆ. ಈಗೇನು ಮಾಡಲಿ, ಹೇಳಲೋ ಬಿಡಲೋ ಎಂದು ಮುದುಕಿಯನ್ನೇ ಕೇಳಿದೆ. “ಪಾಠದಾಗ ತಪ್ಪಾದರ ನಾನ ತಿದ್ದತಿದ್ದೆ. ಇದು ಪಾಠ ಅಲ್ಲ. ಆದರ ಆಕಿ ಪುಸ್ತಕದಾಗ ಸುಳ್ಳು ಬೀಳಬಾರದು. ಮನಿಗೆ ಬಂದಾಕೀಗೆ ನಾ ಹ್ಯಾಂಗ ಹೇಳಲಿ? ನೀವ ಹೇಳ್ರಿ” ಎಂದಳು.

ಮುಂದಿನ ರವಿವಾರ ಹೇಳಿದೆ. ಬಿಡಿಸಿ ಹೇಳುವ ಧೈರ್ಯವಿರಲಿಲ್ಲ, ಅವರು ಹೊರಡಲೆಂದು ಎದ್ದಾಗ, “ಬಾಯಾರೇ, ನಿಮ್ಮ ಕೈ ನೋಡಿಕೊಳ್ಳಿ” ಎಂದೆ, ಅಷ್ಟೆ. ಎದೆಯ ಮೇಲಿದ್ದ ತಮ್ಮ ಕೈಯನ್ನು ಅವರು ಬೇರೆ ಯಾರದೋ ಕೈಯೆಂಬಂತೆ ನೋಡಿದರು. ಮುಖದ ಬಣ್ಣ ಇಳಿಯುತ್ತಾ ಹೋಯಿತು. ಮತ್ತೆ ಕುಳಿತರು. “ಎಷ್ಟು ಕಾಲದಿಂದ?” ಎಂದರು. ನೀವು ಸಾಲಿನಲ್ಲಿ ನಿಂತ ಮೊದಲ ತಿಂಗಳಿಂದ ಎಂದೆ. “ನಾನು ತಿದ್ದತಕ್ಕದ್ದು ಎಂದು ಹೇಳಿದ್ದೆನು. ಅವರು ಯಾಕೆ ತಿದ್ದಲಿಲ್ಲ?” ಎನ್ನುವಾಗ ಧ್ವನಿಯಲ್ಲಿ ಸಿಟ್ಟಿತ್ತು, ಮೋಸಹೋದವರ ಸಿಟ್ಟು. ಆಗ ಮೈಮೂನಾ ಬೀಯ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ಕಣ್ಣು ತುಂಬಿತು, ಯಾಕೆ ಮುಚ್ಚಿಡಲಿ?

ಅವರು ಶಾಂತರಾದ ಮೇಲೆ ನನಗೊಂದು ಉತ್ಸಾಹ ಬಂತು. ಹೋಗಲಿ ಬಿಡಿ, ಹಳೆಯ ಅಧ್ಯಾಯ ಹರಿದು ಹಾಕಿ ಇದನ್ನೇ ಬರೆಯಿರಿ, ಇದು ಅದಕ್ಕಿಂತ ದೊಡ್ಡದಲ್ಲವೆ, ನಿಮ್ಮ ಪ್ರೊಫೆಸರರು ಕುಣಿದಾರು ಎಂದೆ. ಅವರು ತಲೆಯಲ್ಲಾಡಿಸಿದರು.

“ಇದು ನನಗೆ ತೋರಿಸಿದ್ದಲ್ಲ. ನನಗೆ ಕೊಟ್ಟದ್ದು. ಅಂದರೆ, ಇದನ್ನು ಬರೆಯತಕ್ಕದ್ದಲ್ಲ.”

ನಾನು ವಾದಿಸಿದೆ. ಪೀಠ ಹೋಗುತ್ತದೆ, ಎರಡು ವರ್ಷ ಹೋಗುತ್ತದೆ, ನಾಳೆ ಹೊಟ್ಟೆಗೇನು ಎಂದು ಹಿರಿಯಣ್ಣನಂತೆ ಗದರಿದೆ. ಬಂಡೆಗೆ ನೀರು ಹೊಯ್ದಂತಾಯಿತು. ಆ ಅಧ್ಯಾಯ ನನ್ನ ತಪ್ಪು, ತೆಗೆದುಬಿಡಿ ಎಂದಷ್ಟೇ ಅವರು ಪ್ರೊಫೆಸರರಿಗೆ ಬರೆದರು. ಹಾಗಾದರೆ ಅಚ್ಚು ಹಾಕಿಸುವಂಥದ್ದು ಏನೂ ಉಳಿಯುವುದಿಲ್ಲವೆಂದು ನಾಲ್ಕು ಸಾಲಿನ ಉತ್ತರ ಬಂತು. ಆ ವರ್ಷದ ರಂಜಾನ್ ಮುಗಿಸಿಕೊಂಡು ೧೯೩೭ರ ಜನವರಿಯಲ್ಲಿ ಅವರು ಬಂದ ದಾರಿಯಲ್ಲೇ ಹೊರಟುಹೋದರು. ಮರುವರ್ಷ ಒಂದು ಪತ್ರ ಬಂತು: ಯಾವುದೋ ಕಡಲತೀರದ ಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಾರಂತೆ, ‘ಮಾಸ್ತರರೇ, ತಮ್ಮಂತೆಯೇ’ ಎಂದು ಬರೆದಿದ್ದರು. ಅದನ್ನು ಓದಿ ಹೇಳಲು ಮೈಮೂನಾ ಬೀಯ ಹತ್ತಿರ ಹೋದಾಗ, ಪೀಠ ತಪ್ಪಿದ್ದು ಯಾಕೆ, ಏನನ್ನು ಬರೆಯಲೊಲ್ಲೆ ಎಂದರು ಎಂಬುದನ್ನೂ ಹೇಳಿದೆ. ಮುದುಕಿ, “ಕಲತ್ಲು ನೋಡ್ರಿ” ಎಂದಳು. ಇಷ್ಟು ದೊಡ್ಡ ನಷ್ಟವನ್ನು ಕಲಿಕೆಯೆನ್ನುವುದು ಹೇಗೆಂದು ನನಗೆ ಅಂದೂ ಅರ್ಥವಾಗಲಿಲ್ಲ, ಇಂದೂ ಪೂರ್ತಿ ಅರ್ಥವಾಗಿಲ್ಲ.

ವಿದ್ಯೆಗಾಗಿ ಊರು ಬಿಟ್ಟು ಹೋಗುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಹೋದಲ್ಲಿ ಸಿಕ್ಕಿದ್ದನ್ನೆಲ್ಲ ಗಂಟು ಕಟ್ಟಿ ತಂದು ನಾಲ್ಕು ಜನರ ಮುಂದೆ ಬಿಚ್ಚದಿದ್ದರೆ ಅವರಿಗೆ ಸಮಾಧಾನವಿಲ್ಲ, ನೋಡಲು ಸೇರುವ ನಮಗೂ ಇಲ್ಲ. ಎಲ್ಲೋ ನೂರಕ್ಕೊಬ್ಬರು, ತಮ್ಮ ಕೈಗೆ ಬಿದ್ದದ್ದು ವಿದ್ಯೆಯಲ್ಲ, ಅಕ್ಕರೆ ಎಂದು ತಿಳಿದ ಕೂಡಲೇ ಲೇಖನಿ ಕೆಳಗಿಟ್ಟುಬಿಡುತ್ತಾರೆ. ಬರಿಗೈಯಲ್ಲಿ ಬಂದರೆಂದು ಲೋಕ ಆಡಿಕೊಂಡರೂ ಬಾಯಿ ಬಿಡುವುದಿಲ್ಲ. ಅಂಥವರ ಜಾತಿ ಬೇರೆ. ನಾನು ಆ ಜಾತಿಯವನಲ್ಲ ಎಂಬುದಕ್ಕೆ, ಅವರು ಬರೆಯತಕ್ಕದ್ದಲ್ಲ ಎಂದದ್ದನ್ನು ಇಷ್ಟುದ್ದ ಬರೆದು ಮುಗಿಸಿದ್ದೇನಲ್ಲ, ಇದೇ ಸಾಕ್ಷಿ.