ಒಕ್‌ಬುನ್ ಅಕ್ಕ ಎಳೆದ ಗೆರೆಗಳು

ಕೊರಿಯಾದ ದೇಗು ನಗರದ ನಮ್ಮ ಕಾಲುಚೀಲದ ಕಾರ್ಖಾನೆಯಲ್ಲಿ ನಲವತ್ತು ಹೆಂಗಸರಿದ್ದೆವು. ನಮ್ಮ ಮೇಲೆ ಮೇಸ್ತ್ರಿ ಒಕ್‌ಬುನ್ ಅಕ್ಕ. ಯಾರು ಯಾರ ಡಬ್ಬಿಯಿಂದ ಕಿಮ್ಚಿ ತೆಗೆದುಕೊಳ್ಳುತ್ತಾರೆ, ಯಾರ ಮಗಳ ಮದುವೆಗೆ ಯಾರು ಹೋಗಲಿಲ್ಲ, ಎಲ್ಲ ತನಗೆ ಬಾಯಿಪಾಠ ಎಂದು ಅವಳು ನಂಬಿದ್ದಳು. ನಾವೂ ನಂಬಿದ್ದೆವು.

ಆ ವಸಂತದಲ್ಲಿ ಕಾರ್ಮಿಕ ಇಲಾಖೆಗೆ ಹೆಸರಿಲ್ಲದ ಒಂದು ದೂರು ಹೋಯಿತು. ಕೆಲಸದ ಹೊತ್ತಿನಲ್ಲಿ ಹಿಂಬಾಗಿಲುಗಳಿಗೆ ಬೀಗ ಹಾಕುತ್ತಾರೆ, ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲ ಎಂದು. ಹೆಣಿಗೆ, ಇಸ್ತ್ರಿ, ಪ್ಯಾಕಿಂಗ್, ಮೂರೂ ವಿಭಾಗಗಳ ಬಾಗಿಲುಗಳ ವಿವರ ಅದರಲ್ಲಿತ್ತು.

ಮ್ಯಾನೇಜರ್ ಇಸ್ತ್ರಿ ಮೇಜಿನ ಹತ್ತಿರ ಬಂದು ಕೇಳಿದ: "ಮೂರು ಕಡೆ ಮಾತು ಸೇರಿಸಿದ್ದು ಯಾರು?"

ಒಕ್‌ಬುನ್ ಅಕ್ಕ ಖಾಲಿ ರಟ್ಟಿನ ಮೇಲೆ ನಮ್ಮೆಲ್ಲರ ಹೆಸರು ಬರೆದು, ಯಾರಿಗೆ ಯಾರು ಆಪ್ತರೆಂದು ಗೆರೆ ಎಳೆಯತೊಡಗಿದಳು. ನಾನು ಪಕ್ಕದಲ್ಲೇ ತಳ್ಳುಗಾಡಿಗೆ ಕಾಲುಚೀಲ ತುಂಬುತ್ತಿದ್ದೆ. ಹೆಣಿಗೆಯ ಮಲ್‌ಸುಕ್‌ಗೂ ಪ್ಯಾಕಿಂಗಿನ ಸುನ್‌ರ್ಯೆಗೂ ನಡುವೆ ದಪ್ಪ ಗೆರೆ ಬಿತ್ತು. ಇಬ್ಬರೂ ಅವಳಿಗೆ ಬೇಕಾದವರು. ಹಾಗಾಗಿ ಅವರಿಬ್ಬರೂ ಒಂದೇ ಎಂದುಕೊಂಡಿದ್ದಳು. ಆದರೆ ಅವರು ಒಬ್ಬರಿಗೊಬ್ಬರು ಮಾತು ಬಿಟ್ಟು ಆರು ವರ್ಷವಾಗಿತ್ತು. ಯೊನ್‌ಸಿಮ್ ಎಂಬ ನನ್ನ ಹೆಸರಿಗೆ ಒಂದೇ ಗೆರೆ, ಒಕ್‌ಬುನ್ ಅಕ್ಕನ ಹೆಸರಿನಿಂದ.

"ಯೊನ್‌ಸಿಮ್ ಪಾಪದೋಳು ಸಾರ್, ನನ್ನ ಬಿಟ್ರೆ ಯಾರಿದಾರೆ ಅವಳಿಗೆ? ಇದು ಮಲ್‌ಸುಕ್‌ದೇ ಕೆಲ್ಸ. ಬಾಯಿ ಜೋರು ನೋಡಿ."

ಮೂರು ವಿಭಾಗಗಳಲ್ಲಿ ದಿನಾ ಗಾಡಿ ತಳ್ಳಿಕೊಂಡು ಓಡಾಡುತ್ತಿದ್ದವಳು ನಾನೊಬ್ಬಳೇ. ಬೀಗದ ಸುದ್ದಿ ಒಬ್ಬೊಬ್ಬರೂ ನನ್ನ ಕಿವಿಗೆ ಹಾಕಿದ್ದರು. ದೂರು ಬರೆದದ್ದು ನಾನು.

ಮಲ್‌ಸುಕ್‌ಳನ್ನು ಅಲ್ಲಿಗೇ ಕರೆಸಿದರು.

"ಸುನ್‌ರ್ಯೆ ಜೊತೆ ಸೇರಿ ನಾನಾ? ಆ ಗಯ್ಯಾಳಿ ಮುಖ ನೋಡಿದ್ರೆ ನಂಗೆ ಅನ್ನ ಇಳಿಯಲ್ಲ!"

"ನಾಟಕ ಸಾಕು ಕಣೇ. ನಿಮ್ಮಿಬ್ರನ್ನ ನಿಮಗಿಂತ ಚೆನ್ನಾಗಿ ಬಲ್ಲೆ ನಾನು," ಎಂದಳು ಒಕ್‌ಬುನ್ ಅಕ್ಕ.

ಮಲ್‌ಸುಕ್‌ಗೆ ಎಲ್ಲ ಗೊತ್ತಿತ್ತು. ಹೆಣಿಗೆ ವಿಭಾಗದ ಬೀಗದ ವಿಷಯ ನನಗೆ ಹೇಳಿದ್ದೇ ಅವಳು. ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು. ನಾನು ಗಾಡಿ ತಳ್ಳಿಕೊಂಡು ಹೊರಟೆ. ಅವಳು ನನ್ನ ಹೆಸರು ಹೇಳಲಿಲ್ಲ. ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಮುಂದಿನ ವಾರ ಇಲಾಖೆಯವರು ಬಂದು ಬೀಗಗಳನ್ನು ತೆಗೆಸಿದರು. ಯಾರೂ ಖುಷಿಪಡಲಿಲ್ಲ. ಗಾಡಿ ಹತ್ತಿರ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಒಕ್‌ಬುನ್ ಅಕ್ಕನಿಗೆ ಮಾತ್ರ ಇದಾವುದೂ ಕಾಣಲಿಲ್ಲ. ಊಟಕ್ಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಮೀನಿನ ತುಂಡು ನನ್ನ ಅನ್ನದ ಮೇಲೆ ಇಡುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಚಳಿಗಾಲದಲ್ಲಿ ಮಲ್‌ಸುಕ್ ಸಾರ್ವಜನಿಕ ಸ್ನಾನಗೃಹದಲ್ಲಿ ಮೈಯುಜ್ಜುವ ಕೆಲಸಕ್ಕೆ ಸೇರಿದ್ದಾಳೆಂದು ತಿಳಿದು ಅಲ್ಲಿಗೆ ಹೋದೆ. ಬಾಗಿಲಲ್ಲಿ ಒದ್ದೆ ನೆಲದ ಮೇಲೆ ನಿಂತು, "ಅಕ್ಕಾ, ಅವತ್ತು..." ಎಂದೆ.

"ಅವತ್ತು ಹೇಳ್ಬೇಕಿತ್ತು," ಎಂದಳು. "ಈಗ ಬಾಗಿಲು ಬಿಡು, ಗಿರಾಕಿ ಬರ್ತಿದಾರೆ."