ಕೆಳಗಿಳಿಯದ ಗುರುತು

ಪುತ್ತೂರು ಬಸ್‌ಸ್ಟ್ಯಾಂಡಿನ ಹಿಂದಿನ ಜಾಬ್ ಟೈಪಿಂಗ್ ಅಂಗಡಿಗೆ ೧೯೮೮ರಲ್ಲಿ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂರುವ ಭಾಗ್ಯ ಅಲ್ಲಿನ ಟೈಪಿಸ್ಟ್ ಊರ್ಮಿಳಾಳದ್ದಾಯಿತು. ಅದರಲ್ಲಿ ಬೇಕಾದ ಸಾಲಿಗೊಂದು ಗುರುತು ಇಟ್ಟುಬಿಟ್ಟರೆ, ಬರಹದಲ್ಲಿ ಎಲ್ಲಿಗೆ ಹೋದರೂ ಎರಡು ಕೀ ಒತ್ತಿ ಮರಳಬಹುದು. ಈ ಸವಲತ್ತು ಅವಳಿಗೆ ಬಲು ಇಷ್ಟವಾಗಿತ್ತು.

ಬೆಟ್ಟಂಪಾಡಿಯ ಗೌರೀಶಂಕರ ಎಂಬವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಮದ್ದಿನ ಗಿಡಗಳ ಮೇಲಿನ ಅವರ ಪಿಎಚ್‌ಡಿ ಪ್ರಬಂಧವನ್ನು ಟೈಪ್ ಮಾಡಿದ್ದು ಅವಳೇ. ಕೃತಜ್ಞತೆಯ ಪುಟದಲ್ಲಿ ತಮ್ಮ ಮಾರ್ಗದರ್ಶಕರ ಬಗ್ಗೆ ಮೇಲೆ ಎರಡು ಸಾಲು ಸೇರಿಸಿ, ಕೊನೆಯ ಪ್ಯಾರಾ ತೆಗೆಯಲು ಅವರು ಹೇಳಿದ್ದರು. ಊರ್ಮಿಳಾ ಆ ಪ್ಯಾರಾದ ತಲೆಗೆ ಗುರುತಿಟ್ಟಳು. ಮೇಲೆ ಹೋಗಿ ಎರಡು ಸಾಲು ಸೇರಿಸಿದಳು. ಗುರುತಿಗೆ ಮರಳಿ, ಅಲ್ಲಿಂದ ಕೊನೆಯವರೆಗೆ ಅಳಿಸಿದಳು. ಮತ್ತೊಮ್ಮೆ ಓದಿ ನೋಡದೆ ಪ್ರಿಂಟಿಗೆ ಹಾಕಿದಳು.

ಮುಂದಿನ ತಿಂಗಳು ಗೌರೀಶಂಕರ ಪ್ರಬಂಧ ಹಿಡಿದುಕೊಂಡೇ ಬಂದರು.

"ದುಗ್ಗಪ್ಪಣ್ಣನ ಹೆಸರೆಲ್ಲಿ ಊರ್ಮಿಳಾ? ಸುಳ್ಯದ ಕಾಡೆಲ್ಲ ಸುತ್ತಿಸಿ ನನಗೆ ಗಿಡ ತೋರಿಸಿದವರು ಅವರು. ಅವರಿಗೊಂದು ಪ್ರತಿ ಕೊಟ್ಟಿದ್ದೆ. ಅವರು ಮೊಮ್ಮಗಳ ಹತ್ತಿರ ಓದಿಸ್ಲಿಕ್ಕೆ ಕೂತರೆ ಅವರ ಹೆಸರೇ ಇಲ್ಲ!"

ಅಂಗಡಿಯ ಮಾಲಕರು ಇತ್ತಲೇ ನೋಡುತ್ತಿದ್ದರು.

"ನೀವು ಕೊಟ್ಟದ್ದರಲ್ಲಿ ಇರ್ಲಿಲ್ಲ ಸರ್," ಎಂದುಬಿಟ್ಟಳು ಊರ್ಮಿಳಾ.

ಹೇಳಿ ಮುಗಿಸುವಷ್ಟರಲ್ಲಿ ನೆನಪಾಯಿತು. ದುಗ್ಗಪ್ಪ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎರಡು ಜಿ, ಎರಡು ಪಿ ಒತ್ತಿದ್ದು ಅವಳ ಬೆರಳಿಗೇ ಗೊತ್ತಿತ್ತು. ಆದರೆ ಮಾತು ಹಿಂತೆಗೆಯಲಿಲ್ಲ.

"ಹೌದಾ? ಹಾಗಾದರೆ ನಾನೇ ಮರೆತದ್ದು," ಎಂದರು ಗೌರೀಶಂಕರ. ಮುಖ ಸಣ್ಣದು ಮಾಡಿಕೊಂಡು ಹೊರಟುಹೋದರು.

ಅವಳು ಬೇರೊಂದು ಪುಟ ತೆರೆದು ಅದೇ ಕೆಲಸ ಮತ್ತೆ ಮಾಡಿ ನೋಡಿದಳು. ಮೇಲೆ ಎರಡು ಸಾಲು ಸೇರಿದೊಡನೆ ಕೆಳಗಿನ ಬರಹವೆಲ್ಲ ಎರಡು ಸಾಲು ಇಳಿಯಿತು. ಗುರುತು ಮಾತ್ರ ಇಳಿಯಲಿಲ್ಲ. ಅವಳು ಗುರುತಿಟ್ಟದ್ದು ಹನ್ನೆರಡನೆಯ ಸಾಲಿಗೆ; ಅದು ಆ ಸಂಖ್ಯೆಯನ್ನಷ್ಟೇ ನೆನಪಿಟ್ಟುಕೊಂಡಿತ್ತು. ಅಲ್ಲಿ ಈಗ ಯಾರ ಹೆಸರಿದೆ ಎಂದು ಅದಕ್ಕೇನು ಗೊತ್ತು? ಪ್ರಬಂಧದಲ್ಲೂ ಹೀಗೆಯೇ ತೆಗೆಯಬೇಕಾದ ಪ್ಯಾರಾದ ಜತೆಗೆ ಅದರ ಮೇಲಿನ ಎರಡು ಸಾಲೂ ಹೋಗಿದ್ದವು. ದುಗ್ಗಪ್ಪ ಇದ್ದದ್ದು ಆ ಸಾಲುಗಳಲ್ಲಿ.

ಭಾನುವಾರ ಸುಳ್ಯದ ಬಸ್ ಹತ್ತಿದಳು. ದುಗ್ಗಪ್ಪ ಹಟ್ಟಿಯಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದ. ಪುತ್ತೂರಿನ ಟೈಪಿಂಗ್ ಅಂಗಡಿಯವಳು ಎಂದು ಹೇಳಿಕೊಂಡಾಗ ಅವನೇ ಮಾತು ತೆಗೆದ.

"ಮೊನ್ನೆ ಮೇಷ್ಟ್ರು ಬಂದಿದ್ರು ಮಗಾ. ನಿಮ್ಮನ್ನೇ ಮರೆತೆ ಅಂತ ನನ್ನ ಕೈ ಹಿಡಿದು ಕಣ್ಣೀರು ಹಾಕಿದ್ರು. ಅಷ್ಟು ದೊಡ್ಡವರು! ನನಗೇ ಒಂಥರಾ ಆಯ್ತು."

ಊರ್ಮಿಳಾ ಹೇಳಿಬಿಟ್ಟಳು. "ಅವರು ಮರೆತದ್ದಲ್ಲ ಅಜ್ಜ. ಅಳಿಸಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ."

ದುಗ್ಗಪ್ಪ ಕೈಯಲ್ಲಿದ್ದ ಹುಲ್ಲು ಕೆಳಗಿಟ್ಟ. "ಅದನ್ನು ನನ್ನ ಹತ್ತಿರ ಹೇಳಿ ಎಂತ ಮಾಡುದು? ಅವರ ಹತ್ತಿರ ಹೋಗಿ ಹೇಳು."

ಸಂಜೆಗೆ ಬೆಟ್ಟಂಪಾಡಿ ಮುಟ್ಟಿದಳು. ಗೌರೀಶಂಕರರ ಮನೆಯ ಜಗಲಿಯ ಅಂಚಿನಲ್ಲಿ ನಿಂತೇ ಎಲ್ಲ ಹೇಳಿದಳು.

"ಗುರುತು ತಪ್ಪಿದ್ದು ಬಿಡು, ಅದು ಯಾರಿಗೂ ಆಗ್ತದೆ," ಎಂದರು ಗೌರೀಶಂಕರ. "ಆದರೆ ನನ್ನ ನೆನಪನ್ನೇ ನಾನು ನಂಬದ ಹಾಗೆ ಮಾಡಿದೆಯಲ್ಲ ನೀನು."

ಅವಳಿಗೆ ತಲೆ ಎತ್ತಲಾಗಲಿಲ್ಲ. ಒಳಗಿನಿಂದ ಅವರ ಹೆಂಡತಿ ಪರಮೇಶ್ವರಿ ಕಾಫಿ ತಂದಿಟ್ಟರು. ಅದು ಆರಿ ತಣ್ಣಗಾದರೂ ಅವಳು ಮುಟ್ಟಲಿಲ್ಲ.

ಹೊಸ ಪುಟ ಟೈಪಾಗಿ ಎಲ್ಲ ಪ್ರತಿಗಳಿಗೂ ಸೇರಿತು. ಗೌರೀಶಂಕರ ಆಮೇಲೂ ಕೆಲಸ ತರುತ್ತಿದ್ದರು, ನಗುನಗುತ್ತಲೇ ಮಾತಾಡಿಸುತ್ತಿದ್ದರು. ಕಾಗದಗಳನ್ನು ಮಾತ್ರ ಮೊದಲಿನಂತೆ ಅವಳ ಕೈಗೆ ಕೊಡದೆ, ಮಾಲಕರ ಕೈಗೇ ಕೊಟ್ಟು ಹೋಗುತ್ತಿದ್ದರು.