ವಿರೂಪಾಕ್ಷಿಗೆ ಹೆಣ್ಣು ಗೊತ್ತಾದದ್ದು

ಬೇವಿನಗಿಡದ ಬಾರಿಗೆ ಯಾರೂ ಬರುವುದಿಲ್ಲ. ಸಂಜೆಯಾದರೆ ಅಲ್ಲಿ ಕುರ್ಚಿ ಸಿಗುವುದು ಕಷ್ಟ, ಆದರೂ ಸಿರುಗುಪ್ಪದಲ್ಲಿ ಯಾರನ್ನೇ ಕೇಳಿ ನೋಡಿ, ಅವರು ಅಲ್ಲಿಗೆ ಹೋದವರಲ್ಲ, ಅಲ್ಲಿ ಯಾರನ್ನೂ ಕಂಡವರೂ ಅಲ್ಲ. ಬೋರ್ಡಿನ ಮೇಲೆ ಬೇರೆ ಏನೋ ಹೆಸರಿದೆ. ಎದುರಿನ ಬೇವಿನಗಿಡ ಅದನ್ನು ಪೂರ್ತಿ ಮುಚ್ಚಿದೆ. ಮಾಲೀಕ ಒಮ್ಮೆ ಕೊಂಬೆ ಕಡಿಸಲು ಹೊರಟಾಗ ಗಿರಾಕಿಗಳೇ ಪರಿಸರದ ಮಾತಾಡಿ ತಡೆದರು.

ಒಳಗಿನ ನಿಯಮ ಒಂದೇ. ಹೊರಗಿನವನು ಬಂದು "ಇಂಥವ ಇಲ್ಲಿಗೆ ಬರ್ತಾನೇನು?" ಎಂದರೆ ಕೌಂಟರಿನ ಜಂಬಣ್ಣ ತಲೆ ಎತ್ತದೆ "ಯಾರ್ರೀ ಅವ?" ಎನ್ನುತ್ತಾನೆ. ಕೇಳಿದವನು ಹೆಂಡತಿಯ ತಮ್ಮನಿರಲಿ, ಪೊಲೀಸಿನವನಿರಲಿ. ಹುಡುಕಿಸಿಕೊಂಡವನು ಪಕ್ಕದ ಟೇಬಲ್ಲಿನಲ್ಲೇ ಕೂತಿದ್ದರೂ ಅವನೂ ಅದನ್ನೇ ಅನ್ನಬೇಕು. ಈ ನಿಯಮಕ್ಕೆ ಅಪವಾದ ಇರಲಿಲ್ಲ. ಯಾವ ನಿಯಮಕ್ಕೂ ಅದು ಒಡೆಯುವ ಒಂದು ಬಿಂದು ಇರುತ್ತದೆ ಎಂದು ನಾನು ಕಾಲೇಜಿನಲ್ಲಿ ಕಲಿತಿದ್ದೆ. ಆ ಶನಿವಾರ ಕಣ್ಣಾರೆ ಕಂಡೆ.

ನಮ್ಮದು ಮೂವರ ಟೇಬಲ್ಲು. ನಾನು ಅಕ್ಕಿ ಗಿರಣಿಯ ಪರೀಕ್ಷಾ ಕೋಣೆಯಲ್ಲಿ ಭತ್ತದ ತೇವಾಂಶ ನೋಡುವವನು. ಶಶಿಕಾಂತ ಅದೇ ಗಿರಣಿಯಲ್ಲಿ ಯಂತ್ರಗಳ ಮೇಲ್ವಿಚಾರಕ. ಮುಸ್ತಾಕ್ ಲಾರಿ ರಿಪೇರಿಯವನು. ಅವನು ಕುಡಿಯುವುದಿಲ್ಲ, ಸೋಡಾ ಮತ್ತು ಕಬಾಬಿಗಾಗಿ ಬರುತ್ತಾನೆ. ಎಲ್ಲರೂ ಮಂಕಾಗುತ್ತ ಹೋಗುವ ಜಾಗದಲ್ಲಿ ಕೊನೆಯವರೆಗೂ ತಲೆ ಚುರುಕಾಗಿಟ್ಟುಕೊಳ್ಳುವವನು ಎಷ್ಟು ಅಪಾಯಕಾರಿ ಎಂಬುದು ಅವನ ಜೊತೆ ಕೂತವರಿಗಷ್ಟೇ ಗೊತ್ತು.

ಆ ದಿನಗಳಲ್ಲಿ ಶಶಿಕಾಂತನ ಜೀವ ಕುರುಗೋಡಿನಲ್ಲಿತ್ತು. ಅಲ್ಲಿನ ಸಾಲಿಯಲ್ಲಿ ವಿಜ್ಞಾನ ಕಲಿಸುವ ಸೌಂದರ್ಯ, ಬಳ್ಳಾರಿಯ ಡಿಗ್ರಿ ಕಾಲೇಜಿನಲ್ಲಿ ಅವನ ಜೊತೆ ಓದಿದವಳು. ಇಬ್ಬರೂ ಮನೆಯಲ್ಲಿ ಪ್ರೀತಿಯ ಮಾತೆತ್ತದೆ ಒಬ್ಬ ದಲ್ಲಾಳಿಯನ್ನು ಹಿಡಿದು, ಸಂಬಂಧ ತಾನಾಗಿಯೇ ಕೂಡಿಬಂದಂತೆ ಮಾಡಿದ್ದರು. ಜಾತಕ ಕೂಡಿತ್ತು, ಎರಡೂ ಮನೆಯವರು ಒಪ್ಪಿದ್ದರು. ಉಳಿದದ್ದು ಹುಡುಗಿಯ ಸೋದರಮಾವನ ವಿಚಾರಣೆ ಮಾತ್ರ. ಆತ ಹ್ಞೂಂ ಅಂದರೆ ಹ್ಞೂಂ, ಉಹ್ಞೂಂ ಅಂದರೆ ಆ ಮನೆಯಲ್ಲಿ ಮತ್ತೆ ಆ ಮಾತೇ ಎತ್ತುವ ಹಾಗಿಲ್ಲ. ಇನ್ನೊಂದು ಮಾತೂ ಇತ್ತು. ತಾನು ಕುಡಿಯುವವನಲ್ಲ ಎಂದು ಶಶಿಕಾಂತ ಸೌಂದರ್ಯಳಿಗೆ ಆಣೆ ಮಾಡಿ ಹೇಳಿದ್ದ.

ಹೀಗಿರುವಾಗ ಆ ಶನಿವಾರ ಸಂಜೆ ಬಿಳಿ ಅಂಗಿ, ಬಿಳಿ ಪಂಚೆ, ದಪ್ಪ ಮೀಸೆಯ ಒಬ್ಬರು ಒಳಗೆ ಬಂದು, ಕೌಂಟರಿಗೆ ಮೊಣಕೈ ಊರಿ ಕೇಳಿದರು.

"ತಿಪ್ಪೇರುದ್ರಪ್ಪನ ಮಗ ಶಶಿಕಾಂತ ಇಲ್ಲಿಗೆ ಬರ್ತಾನೇನ್ರಿ?"

"ಯಾರ್ರೀ ಅವ?" ಎಂದ ಜಂಬಣ್ಣ.

ಇಡೀ ಬಾರಿನಲ್ಲಿ ಖಾಲಿ ಇದ್ದದ್ದು ನಮ್ಮ ಟೇಬಲ್ಲಿನ ನಾಲ್ಕನೆಯ ಕುರ್ಚಿ. ಅವರು ಬಂದು ಅದರಲ್ಲೇ ಕೂತರು.

"ಚಿದಾನಂದಪ್ಪ ಅಂತ. ಕುರುಗೋಡು. ಮೆಣಸಿನಕಾಯಿ ವ್ಯಾಪಾರ," ಎಂದು ಪರಿಚಯ ಹೇಳಿಕೊಂಡರು. "ನಮ್ಮ ಅಕ್ಕನ ಮಗಳಿಗೆ ಒಂದು ವರ ನೋಡೀವಿ. ವಿಚಾರಸಾಕ ಬಂದೀನಿ. ಕ್ಷೌರದಂಗಡ್ಯಾಗ ಕೇಳಿದೆ, ಚಲೋ ಹುಡುಗ ಅಂದ್ರು. ಪಾನ್ ಅಂಗಡ್ಯಾಗ ಕೇಳಿದೆ, ಚಲೋ ಹುಡುಗ ಅಂದ್ರು. ಗುಡಿ ಪೂಜಾರಿನೂ ಅದನ್ನೇ ಅಂದ. ಅದಕ್ಕ ಸಂಶಯ ಬಂತು."

ಶಶಿಕಾಂತ ಅಷ್ಟರಲ್ಲಿ ಬೆಳ್ಳಗಾಗಿದ್ದ. ಅವನ ಅದೃಷ್ಟಕ್ಕೆ ಗಿರಣಿಯಿಂದ ನೇರವಾಗಿ ಬಂದಿದ್ದರಿಂದ ಮುಖದ ಮೇಲೆ ತೌಡಿನ ಪುಡಿ ಮೊದಲೇ ಇತ್ತು.

"ನಿಮ್ಮ ಹೆಸರು?" ಎಂದು ಚಿದಾನಂದಪ್ಪ ಅವನನ್ನೇ ಕೇಳಿದರು.

"ವಿ... ವಿರೂಪಾಕ್ಷಿ ಅಂತ್ರಿ."

ಮುಸ್ತಾಕ್ ಸೋಡಾ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟ. ಅವನ ಕಣ್ಣಲ್ಲಿ ಹಬ್ಬದ ಕಳೆ ಬಂದಿತ್ತು.

ಚಿದಾನಂದಪ್ಪ ಫೋನು ತೆಗೆದು ವರನ ಫೋಟೋ ತೋರಿಸಿದರು. ಕೋಟು, ಟೈ, ನುಣ್ಣಗೆ ಬೋಳಿಸಿದ ಕೆನ್ನೆ, ಬೆನ್ನ ಹಿಂದೆ ಹಿಮದ ಬೆಟ್ಟ. ನಮ್ಮ ಗಿರಣಿಯಲ್ಲಿ ಬಣ್ಣಗೆಟ್ಟ ಕಾಳನ್ನು ಹೆಕ್ಕಿ ತೆಗೆಯುವ ಒಂದು ಯಂತ್ರವಿದೆ. ಬಳ್ಳಾರಿಯ ಸ್ಟುಡಿಯೋದವನು ಅದೇ ಕೆಲಸವನ್ನು ಶಶಿಕಾಂತನ ಮುಖದ ಮೇಲೆ ಮಾಡಿದ್ದ. ಎದುರಿಗೆ ಕೂತ ಗಡ್ಡದ, ತೌಡಿನ ಮನುಷ್ಯನಿಗೂ ಆ ಫೋಟೋಕ್ಕೂ ಹೋಲಿಕೆ ಹುಡುಕಲು ಪೂರ್ವಗ್ರಹವೇ ಬೇಕಿತ್ತು.

"ಈ ಹುಡುಗನ್ನ ನೋಡಿರೇನು?"

ಶಶಿಕಾಂತ ತನ್ನನ್ನು ತಾನು ಬಹಳ ಹೊತ್ತು ನೋಡಿದ. "ನೋಡೀನ್ರಿ. ಭಾಳ ಚಲೋ ಹುಡುಗ. ದುಡಿಯೋನು. ತಂದಿ ತಾಯಿ ಅಂದ್ರ ಜೀವ. ಇಂಥ ಹುಡುಗ ಈ ತಾಲ್ಲೂಕಿನಾಗ ಸಿಗಂಗಿಲ್ರಿ."

"ಹೌದಾ?" ಎಂದ ಮುಸ್ತಾಕ್. "ಯಾವ ಶಶಿಕಾಂತಲೇ ವಿರೂಪಾಕ್ಷಿ? ಗಿರಣಿಯವನಾ? ಅಯ್ಯೋ, ಅವನಾ... ಇರ್ಲಿ ಬಿಡ್ರಿ ಯಜಮಾನ್ರ. ಲಗ್ನದ ವಿಷಯ. ನಾನು ಹೇಳಬಾರ್ದು."

'ಹೇಳಬಾರ್ದು' ಎನ್ನುವುದಕ್ಕಿಂತ ದೊಡ್ಡ ಚಾಡಿ ನನಗೆ ಗೊತ್ತಿಲ್ಲ. ಚಿದಾನಂದಪ್ಪ ಕುರ್ಚಿಯನ್ನು ಅವನ ಕಡೆಗೆ ಎಳೆದುಕೊಂಡರು.

"ಹೇಳ್ರಿ. ಹೆಣ್ಣುಮಗಳ ಬಾಳಿನ ಪ್ರಶ್ನೆ."

"ದುಡೀತಾನ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಹಲ್ಲಿ ಕಂಡ್ರ ಮಂಚ ಏರಿ ನಿಂದರ್ತಾನ."

"ಅದು ಸುಳ್ಳು!" ಎಂದ ಶಶಿಕಾಂತ.

"ನಿನಗೇನ್ ಗೊತ್ತಲೇ, ನೀ ಏನು ಅವನ ಕೋಣ್ಯಾಗ ಮಲಗ್ತಿ? ಇನ್ನೊಂದೈತ್ರಿ. ಇಷ್ಟು ದೊಡ್ಡವ ಆಗ್ಯಾನ, ಅಮಾವಾಸಿಗೊಮ್ಮೆ ಅವರವ್ವ ಗುರುಬಸಮ್ಮ ಕೂಡಿಸಿಕೊಂಡು ದೃಷ್ಟಿ ತೆಗೀತಾಳ. ಅಷ್ಟು ಚಂದ ಅದಾನಂತ ಆಕಿಗೆ."

"ಅಮಾವಾಸಿಗೊಮ್ಮೆ ಏನಲ್ಲ," ಎಂದ ಶಶಿಕಾಂತ ಹಲ್ಲು ಕಚ್ಚಿ. "ಹಂಗಂತ... ಅಂವ ನನ್ನ ಮುಂದ ಹೇಳ್ಯಾನ."

"ಮತ್ತ ಹಾಡು ಹೇಳ್ತಾನ್ರಿ. ಅದನ್ನ ಕೇಳಿ ಲಾರಿ ಡ್ರೈವರುಗಳು ಬೆಲ್ಟು ಹರೀತೇನು ಅಂತ ಬಾನೆಟ್ ತೆಗೆದು ನೋಡಿದ್ದೈತಿ."

ಪಕ್ಕದ ಟೇಬಲ್ಲುಗಳಿಗೂ ವಿಷಯ ಹತ್ತಿತ್ತು. ಒಬ್ಬ ಅತ್ತಿಂದಲೇ "ಶಶಿಕಾಂತಾ? ಕೇರಂನಾಗ ಕೈಲೆ ಕಾಯಿ ಸರಸ್ತಾನ್ರಿ ಅವ," ಎಂದ. ಇನ್ನೊಬ್ಬ, "ಹಂಗ ಅನಬ್ಯಾಡಪ್ಪ, ಸಿಕ್ಕಿಬಿದ್ರ ಸಾರಿ ಅಂತಾನ," ಎಂದು ನ್ಯಾಯ ಹೇಳಿದ. ಶಶಿಕಾಂತ ಎಲ್ಲರನ್ನೂ ತಿನ್ನುವಂತೆ ನೋಡಿದ, ಒಂದು ಮಾತೂ ಆಡುವ ಹಾಗಿರಲಿಲ್ಲ. ನಾನು ಅವನ ಪರವಾಗಿ ಏನಾದರೂ ಹೇಳಬೇಕೆಂದುಕೊಂಡೆ. ಆದರೆ ನಗು ತಡೆಯುವುದೇ ನನಗೆ ಪೂರ್ಣಾವಧಿ ಕೆಲಸವಾಗಿತ್ತು.

ಅಷ್ಟರಲ್ಲಿ ಜಂಬಣ್ಣ ಬಂದು ಚಿದಾನಂದಪ್ಪನವರಿಗೆ ಏನು ಬೇಕೆಂದು ಕೇಳಿದ. "ನಾ ಕುಡಿಯೋ ಪೈಕಿ ಅಲ್ಲ," ಎಂದರು ಅವರು. "ಆದ್ರ ಇಲ್ಲಿ ಸುಮ್ಮನ ಕುಂತ್ರ ಯಾರೂ ಖರೇ ಹೇಳಂಗಿಲ್ಲ. ವಿಚಾರಣೆ ಸಲುವಾಗಿ ಒಂದು ಬ್ರಾಂದಿ ತೊಗೊಂಬಾ. ಐಸ್ ಬ್ಯಾಡ. ಮೊನ್ನೆ ಐಸ್ ಹಾಕಿ ಗಂಟಲು ಹಿಡೀತು."

ವಿಚಾರಣೆ ಆಳಕ್ಕಿಳಿಯುತ್ತಿದ್ದಂತೆ ಎರಡನೆಯ ಗ್ಲಾಸೂ ಬಂತು. ಮಧ್ಯೆ ಅವರಿಗೆ ಒಂದು ಮೆಸೇಜು ಬಂತು. ಫೋನನ್ನು ತೋಳಿನುದ್ದಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ, ಓದಲಾಗದೆ ಬೈದುಕೊಂಡರು. ಶಶಿಕಾಂತ ಸುಮ್ಮನೆ ಕೈ ಚಾಚಿ ಅದನ್ನು ಇಸಕೊಂಡ, ಎಲ್ಲೋ ಒತ್ತಿ, ಅಕ್ಷರಗಳನ್ನು ಹುಣಸೆಬೀಜದಷ್ಟು ದಪ್ಪ ಮಾಡಿ ವಾಪಸು ಕೊಟ್ಟ. ಲೆಕ್ಕ ಹಾಕಿ ಮಾಡಿದ್ದಲ್ಲ ಅದು. ಅವನ ಸ್ವಭಾವವೇ ಹಾಗೆ. ಗಿರಣಿಯಲ್ಲೂ ಯಾವ ಯಂತ್ರ ಕಿರುಗುಟ್ಟಿದರೂ ಎದ್ದು ಹೋಗಿ ಎಣ್ಣೆ ಬಿಡುತ್ತಾನೆ.

ಚಿದಾನಂದಪ್ಪ ಅಕ್ಷರಗಳನ್ನು ನೋಡಿದರು, ಅವನನ್ನು ನೋಡಿದರು.

"ನಮ್ಮ ಮನ್ಯಾಗ ಓದಿದವರು ತುಂಬ್ಯಾರ. ನನಗ ಕಾಣಂಗಿಲ್ಲ ಅಂದ್ರ 'ಕನ್ನಡಕ ಹಾಕ್ಕೊ' ಅಂತಾರ. ಇದನ್ನ ಒಬ್ಬರೂ ಮಾಡಿಕೊಡ್ಲಿಲ್ಲ." ಅವರ ದನಿ ಸ್ವಲ್ಪ ಒದ್ದೆಯಾಗಿತ್ತು. "ವಿರೂಪಾಕ್ಷಿ, ನಿಮಗ ಲಗ್ನ ಆಗೇತೇನು?"

"ಇ... ಇಲ್ರಿ."

"ಎಲ್ಲಾ ಕೇಳಿದೆ. ಆ ಶಶಿಕಾಂತ ನಮಗ ಬ್ಯಾಡ. ಹಲ್ಲಿಗೆ ಅಂಜೋನು, ಆಟದಾಗ ಮೋಸ. ನೀವು ನೋಡ್ರಿ, ಇಲ್ಲಿಲ್ಲದ ಗೆಳೆಯನ ಪರ ಇಷ್ಟೊತ್ತು ಜಗಳ ಮಾಡಿದ್ರಿ. ಇದು ಗುಣ! ನಮ್ಮ ಹುಡುಗೀನ ನೀವೇ ಮಾಡ್ಕೋರಿ."

ಮುಸ್ತಾಕನ ನಗು ನಿಂತಿತು. ಆಟ ಎಲ್ಲಿಗೆ ಹೋಯಿತೆಂದು ಅವನಿಗೆ ಆಗ ಹೊಳೆಯಿತು. "ಯಜಮಾನ್ರ, ನಾ ಅಂದದ್ದು ಚೂರು ಹೆಚ್ಚಾತೇನೋ. ಶಶಿಕಾಂತ ಅಂಥ ಕೆಟ್ಟವ ಏನಲ್ರಿ..."

"ನೀ ಸುಮ್ನಿರಪ್ಪ. ಮೊದಲ ಅಂದದ್ದೇ ಖರೇ." ಅವರು ಫೋನೆತ್ತಿ ಫೋಟೋ ಹೊಡೆದೇಬಿಟ್ಟರು. "ಹುಡುಗಿಗೂ ಒಂದು ಮಾತು ಕೇಳಬೇಕಲ್ಲ." ಶಶಿಕಾಂತ ಕೈ ಚಾಚುವಷ್ಟರಲ್ಲಿ ಫೋಟೋ ಕುರುಗೋಡು ಮುಟ್ಟಿತ್ತು. ತನ್ನ ಕೈಯಾರೆ ದಪ್ಪ ಮಾಡಿದ ಅಕ್ಷರಗಳಲ್ಲಿ 'ಸೌಂದರ್ಯ' ಎಂಬ ಹೆಸರನ್ನೂ ಅದರ ಕೆಳಗೆ ಗ್ಲಾಸು ಹಿಡಿದು ಕೂತ ತನ್ನ ಚಿತ್ರವನ್ನೂ ಅವನು ನೋಡಿದ. ಅವಳು ನೋಡಿದಳೆಂಬ ಎರಡು ನೀಲಿ ಗೆರೆ ಮೂಡಿದವು.

ಫೋನು ರಿಂಗಾಯಿತು. ಚಿದಾನಂದಪ್ಪನವರಿಗೆ ಕಿವಿಯೂ ಸ್ವಲ್ಪ ಮಂದ, ಸ್ಪೀಕರ್ ಹಾಕಿದರು. ಜಂಬಣ್ಣ ಟಿವಿಯ ಶಬ್ದ ಕಡಿಮೆ ಮಾಡಿದ.

"ಮಾಮಾ, ಯಾರಿವರು?"

"ವಿರೂಪಾಕ್ಷಿ ಅಂತವ್ವ. ಭಾಳ ಒಳ್ಳೆ ಹುಡುಗ."

"ವಿರೂಪಾಕ್ಷಿ," ಎಂದಳು ಅವಳು, ಹಾಜರಿ ಕೂಗುವ ದನಿಯಲ್ಲಿ. "ಚಲೋ ಹೆಸರು. ನಾ ಕೇಳಿದ್ದಕ್ಕ ಅವರೇ ಉತ್ತರ ಹೇಳ್ಲಿ. ಕುಡೀತೀರೇನ್ರಿ?"

ಗ್ಲಾಸು ಇನ್ನೂ ಶಶಿಕಾಂತನ ಕೈಯಲ್ಲಿತ್ತು. "ಹ್ಞೂಂ... ಶನಿವಾರಕ್ಕೊಮ್ಮೆ."

"ಮನ್ಯಾಗ ಗೊತ್ತೈತಿ?"

"ಇಲ್ರಿ."

"ಸರಿ. ನಿಮ್ಮ ಊರಾಗ ಶಶಿಕಾಂತ ಅಂತ ಒಬ್ಬರು ಅದಾರಂತ. ಅವರು ಕುಡಿಯಂಗಿಲ್ಲ ಅಂತ ಆಣಿ ಮಾಡ್ಯಾರಂತ. ಅದು ಖರೇನಾ?"

ಶಶಿಕಾಂತ ಗ್ಲಾಸನ್ನು ಟೇಬಲ್ಲಿನ ಮೇಲಿಟ್ಟ.

"ಸುಳ್ರಿ."

"ಯಾಕ ಸುಳ್ಳು ಹೇಳಿದ್ರು?"

"ಅಂಜಿಕಿ. ಖರೇ ಹೇಳಿದ್ರ ನೀವು ಬ್ಯಾಡ ಅಂದೀರಿ ಅಂತ. ಆಮ್ಯಾಲೆ ದಿನಾ ಹೇಳಬೇಕು ಅಂದ್ಕೊಂಡ. ದಿನಾ ನಾಳೆ ಹೇಳಿದ್ರಾತು ಅಂತ ಬಿಟ್ಟ. ಭಾಳ ಒದ್ದಾಡ್ಯಾನ್ರಿ."

"ಇವರಿಗೆ ಅವನ ಒಳಗಿಂದೆಲ್ಲಾ ಹೆಂಗ ಗೊತ್ತು?" ಎಂದು ಚಿದಾನಂದಪ್ಪ ನನ್ನ ಕಿವಿಯಲ್ಲಿ ಕೇಳಿದರು.

"ಭಾಳ ಹಳೇ ಗೆಳೆಯರ್ರಿ," ಎಂದೆ. ಅದು ಸುಳ್ಳೂ ಅಲ್ಲ.

"ಮಾಮಾ," ಎಂದಳು ಸೌಂದರ್ಯ, "ಆ ಶಶಿಕಾಂತ ಬ್ಯಾಡ. ಈ ವಿರೂಪಾಕ್ಷಿ ಆಗಬಹುದು. ಹೆಸರೊಂದು ಬಿಟ್ಟು ಕೇಳಿದ್ದಕ್ಕೆಲ್ಲಾ ಖರೇ ಹೇಳ್ಯಾರ."

"ಹೆಸರೊಂದು ಬಿಟ್ಟು ಅಂದ್ರ?"

"ಅವರನ್ನ ಕೇಳು. ಮತ್ತ ಮಾಮಾ, ಫೋಟೋದಾಗ ಈ ಕಡಿಗೆ, ನಿನ್ನ ಮುಂದ, ಎರಡು ಗ್ಲಾಸು ಅದಾವು. ಅತ್ತಿ ಇಲ್ಲೇ ರೊಟ್ಟಿ ಬಡಿಯಾಕ ಹತ್ಯಾಳ. ಇನ್ನಾ ತೋರಿಸಿಲ್ಲ."

ಫೋನು ಆರಿತು. ಚಿದಾನಂದಪ್ಪ ಮೊದಲು ಗ್ಲಾಸುಗಳ ಕಡೆ, ಆಮೇಲೆ ಶಶಿಕಾಂತನ ಕಡೆ ನೋಡಿದರು. ಶಶಿಕಾಂತ ಎದ್ದು ನಿಂತು ಅಂಗೈಯಿಂದ ಮುಖದ ತೌಡು ಒರೆಸಿಕೊಂಡ.

"ನಾನ ಶಶಿಕಾಂತ್ರಿ. ತಿಪ್ಪೇರುದ್ರಪ್ಪನ ಮಗ. ತಪ್ಪಾತು."

ಅವರು ವರನ ಫೋಟೋ ತೆಗೆದು ಅವನ ಕೆನ್ನೆಯ ಪಕ್ಕದಲ್ಲಿ ಹಿಡಿದು ನೋಡಿದರು. ಮೀಸೆ ನಡುಗುತ್ತಿತ್ತು. ಸಿಟ್ಟೋ ಬೇರೆ ಏನೋ ನನಗೆ ತಿಳಿಯಲಿಲ್ಲ. "ಹಂಗಾದ್ರ ಇಷ್ಟೊತ್ತು ನೀ ಹೊಗಳಿದ್ದು ನಿನ್ನನ್ನ?"

"ಹೌದ್ರಿ."

"ತಾಲ್ಲೂಕಿನಾಗ ಇಂಥ ಹುಡುಗ ಸಿಗಂಗಿಲ್ಲ ಅಂದಿ."

"ಗಾಬರ್ಯಾಗ ಅಂದೆ ಮಾವಾರ."

"ಇನ್ನಾ ಮಾವ ಆಗಿಲ್ಲ." ಅವರು ಸ್ವಲ್ಪ ಹೊತ್ತು ಮೀಸೆ ತೀಡಿದರು. "ಹೆಸರು ಸುಳ್ಳು ಅಂತ ಆಕಿಗೆ ಹೆಂಗ ಗೊತ್ತಾತು?"

"ಸಾಲಿ ಕಲಸೋರಲ್ರಿ," ಎಂದ ಮುಸ್ತಾಕ್. "ಮುಖ ನೋಡಿದ್ರ ತಿಳೀತೈತಿ."

"ನನ್ನ ಮೀಸಿ ಬಿಸಲಾಗ ಬೆಳ್ಳಗಾಗಿಲ್ಲ ತಮ್ಮಾ," ಎಂದರು ಚಿದಾನಂದಪ್ಪ. ಆದರೆ ರೊಟ್ಟಿ ಬಡಿಯುತ್ತಿರುವ ಹೆಂಡತಿಯೂ ಅವರ ಕಣ್ಣ ಮುಂದೆ ಬಂದಿರಬೇಕು. ಆ ಫೋಟೋ ಹೊರಬಿದ್ದರೆ ವರನೊಬ್ಬನೇ ಕೆಡುವುದಿಲ್ಲ. ಒಂದು ಕಡೆಯ ತೂಕ ತೆಗೆದರೆ ಇನ್ನೊಂದು ಕಡೆ ನೆಲಕ್ಕೆ ಬೀಳುವ ತಕ್ಕಡಿ ಅದು. ಅವರೂ ಶಶಿಕಾಂತನೂ ಅದನ್ನು ಒಟ್ಟಿಗೇ ಅರ್ಥ ಮಾಡಿಕೊಂಡರು.

"ವಿಚಾರಣೆ ಎಲ್ಲಿ ಮಾಡಿದಿ ಅಂತ ಮನ್ಯಾಗ ಕೇಳಿದ್ರ?" ಎಂದರು ಕೊನೆಗೆ.

ಮುಸ್ತಾಕ್ ನನ್ನ ಕಡೆ ಬೆರಳು ಮಾಡಿದ. "ಇವರ ಮನ್ಯಾಗ ಅನ್ರಿ. ಬಿಎಸ್ಸಿ ಓದ್ಯಾರ. ನೋಡಿದ್ರ ಸಂಶಯಾನೇ ಬರಂಗಿಲ್ಲ."

ನಾನು ಬಾಯಿ ತೆರೆಯುವುದರೊಳಗೆ, ಅವರ ಮಾತಿನಲ್ಲೇ, ಆ ಸಂಜೆಯ ವಿಚಾರಣೆ ನಮ್ಮ ಮನೆಯಲ್ಲಿ ನಡೆದುಹೋಗಿತ್ತು. ನನ್ನ ಹೆಂಡತಿ ಅವಲಕ್ಕಿ, ಚಹಾ ಕೊಟ್ಟಿದ್ದಳು. ನಮ್ಮ ತಂದೆ ವರನ ಗುಣವನ್ನು ಹೊಗಳಿದ್ದರು.

ಆಗ ಶಶಿಕಾಂತನ ಜೇಬಿನಲ್ಲಿ ಫೋನು ಗುನುಗಿತು. ಹೆಸರು ನೋಡಿ ಅವನು ಬೇವಿನಗಿಡದ ಕೆಳಗೆ ಓಡಿದ. ಕಿಟಕಿಯಿಂದ ಕಾಣುತ್ತಿತ್ತು: ಒಂದು ಕಾಲಿನ ಮೇಲೆ ನಿಂತು, ಚಪ್ಪಲಿಯಿಂದ ಮಣ್ಣು ಕೆದರುತ್ತ, ಬರೀ ಹ್ಞೂಂ, ಹ್ಞೂಂ ಎನ್ನುತ್ತಿದ್ದ. ಒಮ್ಮೆ ಕಿವಿ ಹಿಡಿದುಕೊಂಡ. ಯಾರೂ ಕಾಣದ ಫೋನಿನ ಮುಂದೆ ಕಿವಿ ಹಿಡಿದುಕೊಂಡ ಮನುಷ್ಯನನ್ನು ಚಿದಾನಂದಪ್ಪ ತದೇಕಚಿತ್ತದಿಂದ ನೋಡಿದರು.

"ಆಗ್ತೈತಿ," ಎಂದರು. "ಹುಡುಗ ಸಂಸಾರಕ್ಕ ಆಗ್ತಾನ."

ಅವನು ವಾಪಸು ಬಂದು ಕೂತ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಏನಂದ್ಳಲೇ?" ಎಂದ ಮುಸ್ತಾಕ್.

"ವಿರೂಪಾಕ್ಷಿ ಕುಡಿಯಬಹುದಂತ," ಎಂದ ಶಶಿಕಾಂತ ಮೆಲ್ಲಗೆ. "ಶಶಿಕಾಂತ ಬಿಡಬೇಕಂತ. ಲಗ್ನ ಯಾರ ಜೊತಿ ಅನ್ನೋದು ನಾನ ತೀರ್ಮಾನ ಮಾಡಬೇಕಂತ."

ಅರ್ಧ ತುಂಬಿದ ಗ್ಲಾಸು ಅವನ ಮುಂದೆಯೇ ಇತ್ತು. ಅವನು ಅದನ್ನು ನೋಡುತ್ತ ಕೂತ, ಬಾರು ಅವನನ್ನು ನೋಡುತ್ತ ಕೂತಿತು. ಕೊನೆಗೆ ಚಿದಾನಂದಪ್ಪನವರೇ ಕೈ ಚಾಚಿ ಅದನ್ನು ತಮ್ಮ ಗ್ಲಾಸಿಗೆ ಸುರಿದುಕೊಂಡರು.

"ಪಾಪ, ವಿರೂಪಾಕ್ಷಿ," ಎಂದರು. "ಚಲೋ ಹುಡುಗ ಇದ್ದ."